‘ಎರಡು ಮಾತಿಲ್ಲ’ ಎನ್ನುವ ಮುನ್ನ

ಬರಹದಲ್ಲಿ ‘ಇದು ನಿರ್ವಿವಾದ’ ಎಂದು ಕಂಡ ಕೂಡಲೇ ನನಗೆ ಗುಮಾನಿ ಹುಟ್ಟುತ್ತದೆ. ಸೂರ್ಯ ಮೂಡಣದಲ್ಲಿ ಹುಟ್ಟುವುದು ನಿರ್ವಿವಾದ ಎಂದು ಯಾರೂ ಬರೆಯುವುದಿಲ್ಲ. ಹಳಗನ್ನಡದ ಕವಿಯೊಬ್ಬನ ಕಾಲ, ಸ್ಥಳಗಳ ವಿಚಾರ ಬಂದರೆ ಮಾತ್ರ ಆ ಪದ ತಪ್ಪದೆ ಹಾಜರ್. ತಕರಾರು ತೆಗೆಯುವವನು ಎದುರಿಗಿದ್ದಾಗಲೇ ಅದರ ಅಗತ್ಯ ಬೀಳುವುದು!

ನಿರ್ವಿವಾದ ಎಂದರೆ ಯಾರೂ ತಕರಾರು ಎತ್ತಿಲ್ಲ, ಅಷ್ಟೆ. ತಕರಾರು ಬಂದು, ಒರೆಗೆ ಹಚ್ಚಿದ ಮೇಲೂ ಉಳಿದದ್ದು ‘ಅಲ್ಲಗಳೆಯಲಾಗದ’ ಸಂಗತಿ. ‘ಪ್ರಶ್ನಾತೀತ’ದ ಜಾತಿಯೇ ಬೇರೆ. ಅದು ಸಂಗತಿಗಿಂತ ನಾಯಕರಿಗೇ ಹೆಚ್ಚು ಅಂಟುತ್ತದೆ. ಕೇಳಬೇಡ ಎಂಬ ಗದರಿಕೆಯೂ ಅದರೊಳಗಿದೆ.

ಈ ಅಳತೆಯಲ್ಲಿ ಕೋರ್ಟಿನವರು ನಮಗಿಂತ ಜಿಪುಣರು. ಆರೋಪ ‘ಸಂಶಯಾತೀತವಾಗಿ ಸಾಬೀತು’ ಎಂದು ಪತ್ರಿಕೆಗಳು ಬರೆಯುತ್ತವೆ. ಕಾನೂನು ಕೇಳುವುದು ಸಮಂಜಸ ಸಂಶಯಕ್ಕೆ ಎಡೆಯಿರಬಾರದು ಎಂದಷ್ಟೆ. ತಲೆಹರಟೆಯ ಸಂಶಯಗಳಿಗೆಲ್ಲ ಅದು ಜವಾಬ್ದಾರಿ ಹೊರುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮವಂತೂ ಊಹೆಗೂ ಮೆಟ್ಟಿಲು ಕಟ್ಟಿತ್ತು. ಕೆಲವನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದು, ಕೆಲವನ್ನು ಭಾವಿಸತಕ್ಕದ್ದು. ಇವೆರಡನ್ನೂ ಎದುರು ಪಕ್ಷ ಸುಳ್ಳೆಂದು ತೋರಿಸಬಹುದು. ಮೂರನೆಯದು ‘ನಿರ್ಣಾಯಕ ಪುರಾವೆ’. ಅಲ್ಲಿ ಎದುರು ಸಾಕ್ಷ್ಯಕ್ಕೆ ಬಾಗಿಲೇ ಮುಚ್ಚಿರುತ್ತದೆ.

ದಾಂಪತ್ಯ ಊರ್ಜಿತವಿದ್ದಾಗ, ಇಲ್ಲವೇ ಅದು ಮುರಿದ 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದೇ ಎಂಬುದನ್ನು 112ನೇ ಕಲಮು ಈ ಮೂರನೇ ಮೆಟ್ಟಿಲಲ್ಲಿ ಕೂರಿಸಿತು. ಗರ್ಭ ಕಟ್ಟಬಹುದಾದ ಕಾಲದಲ್ಲಿ ದಂಪತಿಗೆ ಸಂಪರ್ಕವೇ ಇರಲಿಲ್ಲವೆಂದು ತೋರಿಸುವುದೊಂದೇ ಪಾರಾಗುವ ದಾರಿ. ಈ ಕಲಮು ಬರೆದಾಗ ರಕ್ತದ ಗುಂಪುಗಳೇ ಪತ್ತೆಯಾಗಿರಲಿಲ್ಲ. ಮಗುವಿಗೆ ಕಳಂಕ ತಟ್ಟಬಾರದೆಂಬ ಕಾಳಜಿಯೂ ಇತ್ತು, ಅದು ಸಣ್ಣದಲ್ಲ. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದ ಮೇಲೆ ಬಿಕ್ಕಟ್ಟು ಶುರುವಾಯಿತು. ತಂದೆ ಈತನಲ್ಲ ಎಂದು ಪ್ರಯೋಗಾಲಯ ಹೇಳಿದರೆ, ಈತನೇ ಎಂದು ಕಾನೂನು ಹೇಳಬೇಕು. 2014ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಪ್ರಯೋಗಾಲಯದ ಪರ ನಿಂತಿತು: ವಿಜ್ಞಾನ ತೋರಿಸಿಕೊಟ್ಟ ಸತ್ಯದ ಮುಂದೆ ಕಾನೂನಿನ ಊಹೆ ತಗ್ಗಬೇಕು. ಹಾಗೆಂದು ಕೇಳಿದವರಿಗೆಲ್ಲ ಕೋರ್ಟುಗಳು ಆ ಪರೀಕ್ಷೆಗೆ ಅನುಮತಿ ಕೊಡುವುದಿಲ್ಲ.

2024ರ ಜುಲೈ 1ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಲಮಿನ ಸಂಖ್ಯೆ 116 ಆಯಿತು. ‘ನಿರ್ಣಾಯಕ ಪುರಾವೆ’ ಮಾತ್ರ ಕದಲಲಿಲ್ಲ.