ತೊಗರಿ ಖರೀದಿಯ ದಲಾಲಿ: ಶರೀಅತ್ತಿನ ನಿಲುವು

ಖರೀದಿಯ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಅದಕ್ಕಾಗಿ ಹಣ ಕೊಡುವುದು ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ, ಅಂದರೆ ಫಿಕ್ಹ್‌ನಲ್ಲಿ, ಸಮ್ಮತವಾದ ವ್ಯವಹಾರ. ಹೀಗೆ ಒಪ್ಪಿಸುವುದು ವಕಾಲತ್, ಒಪ್ಪಿಸಿಕೊಂಡವನು ವಕೀಲ, ಅವನು ಪಡೆಯುವ ಸಂಭಾವನೆ ಉಜ್ರತ್. ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ, ಗುಹೆಯಲ್ಲಿ ನಿದ್ದೆಯಿಂದೆದ್ದ ಯುವಕರು ತಮ್ಮಲ್ಲೊಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು ಆಹಾರ ತರಲು ಊರಿಗೆ ಕಳಿಸಿದ ಪ್ರಸಂಗವನ್ನು ಪಂಡಿತರು ವಕಾಲತ್ತಿಗೆ ಆಧಾರವಾಗಿ ತೋರಿಸುತ್ತಾರೆ.

ನಿಜವಾದ ತಕರಾರು ಮುಚ್ಚಿಟ್ಟ ಹಣದ್ದು. ನಂದೂರಿನ ದಾಲ್ ಮಿಲ್ಲಿನ ಮಾಲೀಕನೊಬ್ಬ, ಕ್ವಿಂಟಲಿಗೆ 50 ರೂಪಾಯಿ ದಲಾಲಿ ಗೊತ್ತುಮಾಡಿ, 7,500 ರೂಪಾಯಿ ದರ ಮೀರದಂತೆ 100 ಕ್ವಿಂಟಲ್ ತೊಗರಿ ತರಲು ಕಲಬುರಗಿಯ ಗಂಜಿಗೆ ಒಬ್ಬನನ್ನು ಕಳಿಸಿದನೆಂದೂ, ಅವನು ಚೌಕಾಸಿ ಮಾಡಿ 7,400ಕ್ಕೆ ಕೊಂಡನೆಂದೂ ಇಟ್ಟುಕೊಳ್ಳಬಹುದು. ಉಳಿದ 10,000 ರೂಪಾಯಿ ಮಾಲೀಕನದು. ಖರೀದಿದಾರನಿಗೆ ಸಲ್ಲುವುದು 5,000 ಮಾತ್ರ. ಬಿಲ್ಲಿನಲ್ಲಿ 7,500 ಎಂದು ಬರೆಸಿ ವ್ಯತ್ಯಾಸವನ್ನು ಜೇಬಿಗಿಳಿಸಿದರೆ ಅದು ವಂಚನೆ, ಏಕೆಂದರೆ ವಕೀಲನು ಅಮೀನ್, ಎಂದರೆ ನಂಬಿ ಒಪ್ಪಿಸಿದ ಸೊತ್ತಿನ ಪಾಲಕ. ಅಡತ್ ಅಂಗಡಿಯವರು ಅವನ ಕೈಗೆ ಗುಟ್ಟಾಗಿ ಕೊಡುವ ರಿಯಾಯಿತಿಗೂ ಇದೇ ನಿಯಮ. ಕುರಿ ತರಲು ಪ್ರವಾದಿಯವರು ಕೊಟ್ಟ ಒಂದು ದೀನಾರಿನಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿದ ಉರ್ವಾ ಅಲ್ ಬಾರಿಕಿ, ಉಳಿದ ಕುರಿಯನ್ನೂ ದೀನಾರನ್ನೂ ಅವರಿಗೇ ತಂದೊಪ್ಪಿಸಿದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮೂ, ಧಣಿಗೆ ತಿಳಿಸದೆ ಪ್ರತಿನಿಧಿ ತನ್ನ ಸ್ವಂತ ಲೆಕ್ಕದಲ್ಲಿ ನಡೆಸಿದ ವ್ಯವಹಾರದ ಲಾಭವನ್ನು ಕೇಳುವ ಹಕ್ಕನ್ನು ಧಣಿಗೇ ಕೊಡುವುದು ಗಮನಾರ್ಹ.

ಸಂಭಾವನೆ ಎಷ್ಟೆಂಬುದು ಮೊದಲೇ ತಿಳಿದಿರಬೇಕೆಂಬುದು ಇನ್ನೊಂದು ಷರತ್ತು. ಶೇಕಡಾವಾರು ದಲಾಲಿಯ ಬಗ್ಗೆ ಹನಫಿ ಪಂಡಿತರಲ್ಲಿ ಮೊದಲು ಹಿಂಜರಿಕೆಯಿತ್ತು. ಆದರೆ ಜನರ ವ್ಯವಹಾರದಲ್ಲಿ ಅದು ರೂಢಿಯಾಗಿರುವುದರಿಂದ ದೋಷವಿಲ್ಲವೆಂಬ ಹಿರಿಯರ ಮಾತನ್ನು ದಮಾಸ್ಕಸ್ಸಿನ ಇಬ್ನ್ ಆಬಿದೀನ್ (ನಿಧನ 1836) ಎತ್ತಿಹಿಡಿದರು. ದಲಾಲಿಯ ಮಾತೇ ಆಡದಿದ್ದರೆ, ಕೂಲಿಗಾಗಿ ದುಡಿಯುವ ವೃತ್ತಿಯವನಲ್ಲದವನ ಕೆಲಸವನ್ನು 19ನೆಯ ಶತಮಾನದ ಆಟೊಮನ್ ಸಂಹಿತೆಯಾದ ಮಜಲ್ಲಾ ಉಪಕಾರವೆಂದೇ ಎಣಿಸುತ್ತದೆ.

ಗಂಜಿನಿಂದ ನಂದೂರಿಗೆ ಬರುವ ದಾರಿಯಲ್ಲಿ ಖರೀದಿದಾರನ ತಪ್ಪಿಲ್ಲದೆ ತೊಗರಿ ಮಳೆಗೆ ಹಾಳಾದರೆ ನಷ್ಟ ಮಾಲೀಕನದು. ತಾನು ತೆತ್ತ ಬೆಲೆ ಕೈಸೇರುವವರೆಗೆ ಮಾಲನ್ನು ತಡೆಹಿಡಿಯುವ ಹಕ್ಕನ್ನು ಹನಫಿ ನ್ಯಾಯ ಖರೀದಿದಾರನಿಗೆ ಕೊಟ್ಟಿದೆಯಾದರೂ, ಹಾಗೆ ತಡೆಹಿಡಿದಾಗ ಮಾಲು ಕೆಟ್ಟರೆ ಹೊಣೆ ಅವನ ಮೇಲೆಯೇ ಬೀಳುತ್ತದೆ.