ಸೆರೆಮನೆಯಲ್ಲಿ ಮೊಳೆತ ಯುಕ್ತಿ

ಕೊಲೆಯ ಅಪರಾಧಕ್ಕಾಗಿ ಸೆರೆಮನೆ ಸೇರಿದ ಯುವಕನೊಬ್ಬನು ಅದೇ ಸೆರೆಮನೆಯ ಕಮ್ಮಾರಸಾಲೆಯಲ್ಲಿ, ಅಧಿಕಾರಿಗಳ ಕಣ್ಣೆದುರಿಗೇ ಬಂದೂಕುಗಳನ್ನು ತಯಾರಿಸಿದನೆಂದರೆ ಯಾರಾದರೂ ನಂಬುವರೇ? ಕಾದಂಬರಿಕಾರನೂ ಬರೆಯಲು ಹಿಂಜರಿಯಬಹುದಾದ ಸಂಗತಿಯಿದು. ಆದರೆ ಅಮೆರಿಕದ ಉತ್ತರ ಕೆರೊಲಿನ ಸಂಸ್ಥಾನದಲ್ಲಿ ಇದು ನಡೆದುಹೋಯಿತು. ಆ ಬಂದಿ ಕಂಡುಹಿಡಿದ ಒಂದು ಸಣ್ಣ ಯುಕ್ತಿಯು, ದೊಡ್ಡ ತೋಟಾಕ್ಕಾಗಿ ನಿರ್ಮಿತವಾದ ಪಿಸ್ತೂಲಿನಿಂದ ಕಿರಿಯ ತೋಟಾವನ್ನು ಹಾರಿಸುವ ಸಮಸ್ಯೆಯನ್ನು ಬಿಡಿಸಿತು.

ಆನೆಯ ಹೊರೆ, ಕರುವಿನ ಕೊರಳು

1911ರ ಮಾರ್ಚ್ 29ರಂದು ಅಮೆರಿಕದ ಸೈನ್ಯವು ಜಾನ್ ಬ್ರೌನಿಂಗ್ ಎಂಬ ಪ್ರಸಿದ್ಧ ಶಿಲ್ಪಿ ರೂಪಿಸಿದ ಪಿಸ್ತೂಲೊಂದನ್ನು ಅಂಗೀಕರಿಸಿತು. ಅದರ ನಳಿಗೆಯ ವ್ಯಾಸ .45 ಅಂಗುಲ. ಅದರ ಗುಂಡಿನ ತೂಕ ಸುಮಾರು 15 ಗ್ರಾಂ. ಗುಂಡು ಮುಂದಕ್ಕೆ ಚಿಮ್ಮಿದೊಡನೆ ನಳಿಗೆಯೂ ಅದರ ಮೇಲಿನ ಭಾರವಾದ ಉಕ್ಕಿನ ಸ್ಲೈಡೂ ಒಂದಕ್ಕೊಂದು ಬಿಗಿದುಕೊಂಡೇ ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಬಳಿಕ ನಳಿಗೆ ಕೆಳಗಿಳಿದು ಕಳಚಿಕೊಳ್ಳುತ್ತದೆ. ಸ್ಲೈಡು ಮಾತ್ರ ಇನ್ನೂ ಹಿಂದೆ ಹೋಗಿ, ಬರಿದಾದ ತೋಟಾವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮರಳಿ ಬರುವಾಗ ಹೊಸ ತೋಟಾವನ್ನು ಗೂಡಿಗೆ ತಳ್ಳುತ್ತದೆ. ಕಣ್ಣೆವೆ ಮಿಟುಕಿಸುವುದರೊಳಗೆ ಮುಗಿಯುವ ಈ ಇಡೀ ಕಾರ್ಯಕ್ಕೆ ಬೇಕಾದ ಶಕ್ತಿಯನ್ನು ಹಾರಿದ ತೋಟಾದ ಹಿನ್ನೊದೆತವೇ ಒದಗಿಸುತ್ತದೆ.

ಪಿಸ್ತೂಲೇನೋ ಗಟ್ಟಿಮುಟ್ಟಾಗಿತ್ತು. ಆದರೆ ಅದರ ಬಳಕೆ ಕೈಗೂಡಬೇಕಾದರೆ ಸಾವಿರಾರು ಸಲ ಗುಂಡು ಹಾರಿಸಿ ಅಭ್ಯಾಸ ಮಾಡಬೇಕು. .45ರ ತೋಟಾ ದುಬಾರಿ. ಅದರ ಸದ್ದು ಕಿವಿ ಕಿವುಡಾಗಿಸುವಂಥದು. ಅದಕ್ಕೆ ವಿಶಾಲವಾದ ಗುರಿಮೈದಾನವೂ ಬೇಕು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ .22 ಅಂಗುಲದ ಕಿರುತೋಟಾ ಎಷ್ಟೋ ಅಗ್ಗವಾಗಿತ್ತು. ಹಾಗಾದರೆ ಅದೇ ಪಿಸ್ತೂಲಿನಲ್ಲಿ ಈ ಕಿರುತೋಟಾವನ್ನು ಹಾರಿಸಬಾರದೇಕೆ?

ನಳಿಗೆ ಬದಲಿಸಿದರೆ ಸಾಕೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಿರುತೋಟಾದ ಗುಂಡು ತೂಗುವುದು ಕೇವಲ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ಅದರ ಬಡ ಹಿನ್ನೊದೆತವು ಆ ಭಾರವಾದ ಸ್ಲೈಡನ್ನು ಹಿಂದೆ ತಳ್ಳುವುದೆಂತು? ಆನೆ ಎಳೆಯಬೇಕಾದ ದಿಮ್ಮಿಯನ್ನು ಕರುವಿನ ಕೊರಳಿಗೆ ಕಟ್ಟಿದಂತಾಯಿತು!

1931ರಲ್ಲಿ ಕೋಲ್ಟ್ ಕಂಪನಿ ಈ ತೊಡಕಿಗೆ ಒಂದು ಪರಿಹಾರ ಸೂಚಿಸಿತು. ಸ್ಲೈಡಿನ ಭಾರವನ್ನು ಕಡಿಮೆ ಮಾಡಿ 'ಏಸ್' ಎಂಬ .22ರ ಪಿಸ್ತೂಲನ್ನು ಹೊರತಂದಿತು. ಹಿಡಿ, ಕೀಲಿ, ಆಕಾರಗಳೆಲ್ಲ ಹಿರಿಯಣ್ಣನಂತೆಯೇ ಇದ್ದವು. ಆದರೆ ಹಾರಿಸಿದಾಗ ಕೈಗೆ ಹಿನ್ನೊದೆತದ ಅನುಭವವೇ ಆಗುತ್ತಿರಲಿಲ್ಲ. ಒದೆತವನ್ನು ತಡೆದು ಮತ್ತೆ ಗುರಿ ಹಿಡಿಯುವುದೇ ಅಭ್ಯಾಸದ ತಿರುಳು. ಅದೇ ಇಲ್ಲವಾದರೆ ದಡದ ಮೇಲೆ ಮಲಗಿ ಈಜು ಕಲಿತಂತೆ.

ಕ್ಯಾಲೆಡೋನಿಯದ ಬಂದಿ

ಈ ಗಂಟನ್ನು ಬಿಡಿಸಿದವನು ಡೇವಿಡ್ ಮಾರ್ಷಲ್ ವಿಲಿಯಮ್ಸ್. 1900ರಲ್ಲಿ ರೈತ ಮನೆತನವೊಂದರಲ್ಲಿ ಹುಟ್ಟಿದ ಅವನಿಗೆ ಶಾಲೆಯ ಓದು ಹೆಚ್ಚು ಹತ್ತಲಿಲ್ಲ; ಕುಲುಮೆಯ ಕೆಲಸ ಮಾತ್ರ ಎಳವೆಯಲ್ಲೇ ಕೈಗೆ ಹತ್ತಿತ್ತು. ಪಾನನಿರೋಧದ ಆ ಕಾಲದಲ್ಲಿ ಅವನು ಕಳ್ಳಭಟ್ಟಿಯನ್ನು ಹೂಡಿದ. 1921ರ ಜುಲೈ ತಿಂಗಳಿನಲ್ಲಿ ಅಧಿಕಾರಿಗಳು ಆ ಭಟ್ಟಿಯ ಮೇಲೆ ದಾಳಿಯಿಟ್ಟಾಗ ಗುಂಡು ಹಾರಿತು. ಷೆರೀಫನ ಸಹಾಯಕನೊಬ್ಬನು ಪ್ರಾಣ ಕಳೆದುಕೊಂಡನು. ಮೊದಲ ವಿಚಾರಣೆಯಲ್ಲಿ ಪಂಚರು ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ವಿಲಿಯಮ್ಸನು ಎರಡನೆಯ ದರ್ಜೆಯ ಕೊಲೆಯ ಅಪರಾಧವನ್ನು ಒಪ್ಪಿಕೊಂಡು, ಮೂವತ್ತು ವರ್ಷಗಳವರೆಗಿನ ಶಿಕ್ಷೆಯನ್ನು ಹೊತ್ತು ಸೆರೆಮನೆಗೆ ನಡೆದನು. ಆಗ ಅವನಿಗಿನ್ನೂ ಇಪ್ಪತ್ತೊಂದರ ಪ್ರಾಯ.

ಕ್ಯಾಲೆಡೋನಿಯ ಎಂಬಲ್ಲಿನ ಸೆರೆಮನೆ ಒಂದು ವಿಶಾಲವಾದ ಹೊಲ. ಅದರ ಮೇಲ್ವಿಚಾರಕ ಎಚ್. ಟಿ. ಪೀಪಲ್ಸ್ ಎಂಬಾತನು ಈ ಬಂದಿಯ ಕೈಚಳಕವನ್ನು ಗಮನಿಸಿ ಅವನನ್ನು ಕಮ್ಮಾರಸಾಲೆಗೆ ಹಾಕಿದನು. ಕಾವಲುಗಾರರ ಬಂದೂಕುಗಳನ್ನು ದುರಸ್ತಿ ಮಾಡುತ್ತಾ ಮಾಡುತ್ತಾ ವಿಲಿಯಮ್ಸನು ತನ್ನದೇ ಆದ ಹೊಸ ಬಂದೂಕುಗಳನ್ನು ಕಲ್ಪಿಸತೊಡಗಿದನು. ಗುಜರಿ ಕಬ್ಬಿಣ, ಮರದ ತುಂಡು, ಅರ, ಸುತ್ತಿಗೆ—ಇವೇ ಅವನ ಬಂಡವಾಳ. ತಾಯಿ ಹೊರಗಿನಿಂದ ಬಂದೂಕುಗಳ ವಿಷಯದ ಮಾಹಿತಿಯನ್ನು ಕಳುಹಿಸಿಕೊಡುತ್ತಿದ್ದಳು. ಹೀಗೆ ಅವನು ಸೆರೆಯಲ್ಲಿದ್ದುಕೊಂಡೇ ನಾಲ್ಕು ಬಂದೂಕುಗಳನ್ನು ಕಟ್ಟಿದನು.

ಅವನ ಬಿಡುಗಡೆಗಾಗಿ ಮನೆಯವರು ಮನವಿ ಸಲ್ಲಿಸಿದಾಗ, ಅವನು ಯಾರಿಗೆ ಶರಣಾಗಿದ್ದನೋ ಆ ಷೆರೀಫನೂ, ಮಡಿದವನ ಪತ್ನಿಯೂ ಅದಕ್ಕೆ ದನಿಗೂಡಿಸಿದರೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಶಿಕ್ಷೆ ಕಡಿಮೆಯಾಗಿ, 1929ರಲ್ಲಿ ಅವನು ಹೊರಬಂದನು.

ತೇಲುವ ಗೂಡು

ಕೋಲ್ಟ್ ಕಂಪನಿಯಲ್ಲಿ ಫಲ ಕೊಟ್ಟ ಅವನ ಯುಕ್ತಿ ಇದು. ಸಾಮಾನ್ಯವಾಗಿ ತೋಟಾ ಕುಳಿತುಕೊಳ್ಳುವ ಗೂಡು ನಳಿಗೆಯದೇ ಹಿಂಭಾಗ. ವಿಲಿಯಮ್ಸನು ಅದನ್ನು ನಳಿಗೆಯಿಂದ ಬೇರ್ಪಡಿಸಿ, ಹಿಂದೆ ಮುಂದೆ ತುಸುವೇ ಜರುಗುವ ಬಿಡಿ ತುಂಡನ್ನಾಗಿ ಮಾಡಿದನು. ತೋಟಾ ಸಿಡಿದು ಗುಂಡು ಗೂಡನ್ನು ದಾಟಿದೊಡನೆ, ಅದರ ಹಿಂದೆ ನುಗ್ಗುವ ಅನಿಲವು ಗೂಡಿಗೂ ನಳಿಗೆಗೂ ನಡುವಣ ಸಂದಿನಲ್ಲಿ ಹರಡಿಕೊಳ್ಳುತ್ತದೆ. ಒತ್ತಡ ಅಷ್ಟೇ, ಆದರೆ ಈಗ ಅದು ತೋಟಾದ ಕಿರಿದಾದ ತಳವನ್ನಲ್ಲದೆ ಗೂಡಿನ ಅಗಲವಾದ ಮುಂಬದಿಯನ್ನೂ ಒತ್ತುತ್ತದೆ. ವಿಸ್ತಾರ ಹೆಚ್ಚಿದಂತೆ ಬಲವೂ ಹೆಚ್ಚುವುದು ಭೌತಶಾಸ್ತ್ರದ ಮೊದಲ ಪಾಠ. ಗೂಡೇ ಪಿಸ್ಟನ್ನಾಗಿ ಹಿಂದೆ ಗುದ್ದುತ್ತದೆ, ಸ್ಲೈಡು ಸರಾಗವಾಗಿ ಓಡುತ್ತದೆ, ಕೈಗೆ ದೊಡ್ಡ ತೋಟಾವನ್ನು ಹೋಲುವ ಒದೆತವೂ ತಗಲುತ್ತದೆ.

ಇದನ್ನು ಅಳವಡಿಸಿದ 'ಸರ್ವಿಸ್ ಏಸ್' 1937ರಲ್ಲಿ ಹೊರಬಂತು. ಮರುವರ್ಷ ಕೋಲ್ಟ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸ್ಲೈಡು, ನಳಿಗೆ, ಗೂಡು, ಸ್ಪ್ರಿಂಗು, ತೋಟಾಪೆಟ್ಟಿಗೆ ಇವುಗಳನ್ನು ಒಟ್ಟುಗೂಡಿಸಿ ಮಾರಾಟಕ್ಕಿಟ್ಟಿತು. .45ರ ಪಿಸ್ತೂಲಿದ್ದವನು ಮೇಲ್ಭಾಗವನ್ನಷ್ಟೇ ಕಳಚಿ ಇದನ್ನು ಜೋಡಿಸಿದರೆ ಅದು .22 ಆಗುತ್ತಿತ್ತು, ಮತ್ತೆ ಬದಲಿಸಿದರೆ ಮೊದಲಿನಂತೆಯೇ.45. ಬೆರಳು ಎಳೆಯುವ ಕೀಲಿಯೂ ಅಂಗೈ ಒತ್ತುವ ಹಿಡಿಯೂ ಬದಲಾಗುತ್ತಿರಲಿಲ್ಲ.

ಆದರೆ ಯಾವ ಲಾಭವೂ ಪುಕ್ಕಟೆಯಾಗಿ ದೊರೆಯದು. ಕಿರುತೋಟಾದ ಮಸಿಯೂ ಸೀಸದ ಕಣಗಳೂ ಆ ಕಿರುಸಂದಿನಲ್ಲಿಯೇ ಮೆತ್ತಿಕೊಳ್ಳುತ್ತಿದ್ದವು. ಆಗಾಗ ಶುಚಿಗೊಳಿಸದಿದ್ದರೆ ಗೂಡು ಜರುಗದೆ ಕಚ್ಚಿಕೊಳ್ಳುತ್ತಿತ್ತು. ಇಂದು ಮಾರಾಟವಾಗುವ ಇಂತಹ ಜೋಡಣೆಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಮ್ಮಿನ ಹಗುರವಾದ ಸ್ಲೈಡನ್ನೇ ನೆಚ್ಚಿಕೊಂಡಿವೆ. ತೇಲುವ ಗೂಡು ಮೂಲೆ ಸೇರಿದೆ.

ವಿಲಿಯಮ್ಸನ ಹೆಸರು ಉಳಿದದ್ದು ಮತ್ತೊಂದು ಕಾರಣದಿಂದ. ಅವನು ರೂಪಿಸಿದ ಇನ್ನೊಂದು ಪಿಸ್ಟನ್ ತತ್ತ್ವವನ್ನು ವಿಂಚೆಸ್ಟರ್ ಕಂಪನಿಯ ಶಿಲ್ಪಿಗಳು ಬಳಸಿಕೊಂಡು ಎಂ-1 ಕಾರ್ಬೈನ್ ಎಂಬ ಹಗುರ ಬಂದೂಕನ್ನು ರಚಿಸಿದರು. 1941ರಲ್ಲಿ ಸೈನ್ಯ ಸೇರಿದ ಅದು ಅರವತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. 1952ರಲ್ಲಿ ಜೇಮ್ಸ್ ಸ್ಟೂವರ್ಟ್ ನಟಿಸಿದ 'ಕಾರ್ಬೈನ್ ವಿಲಿಯಮ್ಸ್' ಚಲನಚಿತ್ರವು ಅವನ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಹಲವರ ಕೈಸೇರಿ ಆದ ಕೆಲಸವನ್ನು ಒಬ್ಬನದೇ ಸಾಧನೆಯೆಂಬಂತೆ ಆ ಚಿತ್ರ ತೋರಿಸಿತೆಂಬುದು ಬೇರೆ ಮಾತು.

ವಿಲಿಯಮ್ಸನು 1975ರಲ್ಲಿ ತೀರಿಕೊಂಡನು. ಅವನ ಕಾರ್ಯಾಗಾರವನ್ನು ಬಿಚ್ಚಿ ತಂದು ರಾಲಿ ನಗರದ ವಸ್ತುಸಂಗ್ರಹಾಲಯದಲ್ಲಿ ಮರಳಿ ಜೋಡಿಸಿಟ್ಟರು. ಅರ, ಸುತ್ತಿಗೆಗಳ ನಡುವೆ ನಿಂತವರಿಗೆ ಅವನ ಜಾಣ್ಮೆ ಬೆರಗು ಹುಟ್ಟಿಸುವುದು ಸಹಜವೇ. ಆದರೆ ಆ ಕಥೆಯ ಮೊದಲ ಪುಟದಲ್ಲಿ, 1921ರ ಜುಲೈ ತಿಂಗಳಿನ ಒಂದು ದಿನ ಕೆಲಸಕ್ಕೆಂದು ಹೊರಟು ಮನೆಗೆ ಮರಳದ ಒಬ್ಬ ಮನುಷ್ಯನೂ ಇದ್ದಾನೆ. ಅವನ ಪತ್ನಿ ಕ್ಷಮಿಸಿದಳು. ಆ ಕ್ಷಮೆ ದೊರೆಯದೆ ಹೋಗಿದ್ದರೆ ಈ ಯುಕ್ತಿಯು ಕ್ಯಾಲೆಡೋನಿಯದ ಕುಲುಮೆಯ ಬೂದಿಯಲ್ಲಿಯೇ ಹೂತುಹೋಗುತ್ತಿತ್ತೇನೋ.