ನಿಮಗಿದು ಗೊತ್ತೆ? ಅಡಿಕೆ ತೋಟದ ಬೆನ್ನಿಗಿದೆ ಸೊಪ್ಪಿನ ಬೆಟ್ಟ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟವೆಂದರೆ ಬರೀ ತೋಟವಲ್ಲ, ಅದಕ್ಕೊಂದು ಕಾಡೂ ಅಂಟಿಕೊಂಡಿದೆ. ಅದೇ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಕಾಡು ಸರಕಾರದ ವಶವಾದಾಗ ಇಲ್ಲಿನ ತೋಟಿಗರಿಗೆ ಒಂದು ಸವಲತ್ತು ಉಳಿಯಿತು: ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ.

ನೆಲ ಸರಕಾರದ್ದೇ. ತೋಟಿಗನಿಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರುವ ಹಕ್ಕು ಮಾತ್ರ. ಅಲ್ಲಿ ಬೇಸಾಯ ಮಾಡುವಂತಿಲ್ಲ.

ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಉದುರಿದ ಎಲೆ ಹೊರೆಹೊರೆಯಾಗಿ ಕೊಟ್ಟಿಗೆಗೆ ಬರುತ್ತವೆ. ದನಗಳ ಕಾಲಡಿಗೆ ಹಾಸಿದ ಅದು ಸಗಣಿ, ಗಂಜಲದೊಡನೆ ಬೆರೆತು ಗೊಬ್ಬರಗುಂಡಿ ಸೇರಿ, ಕಳಿತ ಮೇಲೆ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಕಾಡು, ಕೊಟ್ಟಿಗೆ, ತೋಟ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಈ ಬೇಸಾಯ ನಿಜಕ್ಕೂ ಜಾಣತನದ್ದು.

ಹೀಗೆ ಬೆಳೆದ ಅಡಿಕೆಯ ಮಾರಾಟದಲ್ಲೂ ತೋಟಿಗರು ಒಗ್ಗಟ್ಟಾದರು. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಜನರ ಬಾಯಲ್ಲಿ ಟಿಎಸ್ಎಸ್, ಹುಟ್ಟಿತು. ಈ ಮೂರು ತಾಲೂಕುಗಳ 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿತು.

ಆದರೆ ಸೊಪ್ಪಿನ ಬೆಟ್ಟದ ಕಡೆ ನೋಡಿದರೆ, ದನ ಸಾಕುವವರು ಕಡಿಮೆಯಾಗಿದ್ದಾರೆ, ಸೊಪ್ಪು ಕೊಯ್ಯಲು ಆಳು ಸಿಗುವುದಿಲ್ಲ. ಹಸಿರು ಉಳಿಯುವಷ್ಟು ಮಿತವಾಗಿ ಸೊಪ್ಪು ಕಡಿದ ಬೆಟ್ಟಗಳೂ ಇವೆ, ಮರವನ್ನೇ ಬೋಳಿಸಿದವೂ ಇವೆ. ಬೆಟ್ಟ ಪಡೆದವರು ದಯವಿಟ್ಟು ಅಲ್ಲಿ ನಾಲ್ಕು ಗಿಡ ನೆಡಿ.